ಹಳೆ ಕಂಪ್ಯೂಟರಿನಲ್ಲಿ ನಮ್ಮದೇ ಕ್ಲೌಡ್

ಕೇಳುಗರಿಗೆ ನಮಸ್ಕಾರ. ಶಿರಸಿಯ ಕಾಲೇಜಾಗಲಿ, ಕಾರವಾರದ ಕಾಲೇಜಾಗಲಿ, ಲ್ಯಾಬಿನ ಮೂಲೆಯಲ್ಲಿ ಧೂಳು ಹಿಡಿದ ಎರಡು ಕಂಪ್ಯೂಟರುಗಳಿದ್ದರೆ ಪುಟ್ಟ ಕ್ಲೌಡ್, ಅಂದರೆ ಯಂತ್ರಗಳ ಶಕ್ತಿಯನ್ನು ಕೇಳಿದವರಿಗೆ ಹಂಚುವ ವ್ಯವಸ್ಥೆ, ಕಟ್ಟಿ ಕಲಿಯಬಹುದು. ಅದಕ್ಕೆ ಬೇಕಾದ ತಂತ್ರಾಂಶ ಓಪನ್‌ಸ್ಟ್ಯಾಕ್. ದುಡ್ಡು ಕೊಡಬೇಕಿಲ್ಲ, ಕೋಡಿಗೆ ಬೀಗವೂ ಇಲ್ಲ.

ಇದರ ಒಂದು ಬೇರು ಅಮೆರಿಕದ ಸರ್ಕಾರಿ ಸಂಸ್ಥೆ ನಾಸಾದಲ್ಲಿದೆ. ಅಲ್ಲಿನ ಏಮ್ಸ್ ಕೇಂದ್ರದವರು ನೆಬ್ಯುಲಾ ಎಂಬ ತಮ್ಮ ಕ್ಲೌಡಿಗಾಗಿ, ವರ್ಚುವಲ್ ಯಂತ್ರಗಳನ್ನು (ಕಂಪ್ಯೂಟರಿನೊಳಗೆ ತಂತ್ರಾಂಶವೇ ಕಟ್ಟುವ ಕಂಪ್ಯೂಟರುಗಳನ್ನು) ನಡೆಸುವ ನೋವಾ ಬರೆದರು. ಅದಕ್ಕೆ ರ‍್ಯಾಕ್‌ಸ್ಪೇಸ್ ಕಂಪನಿಯ, ಫೈಲು ಸಂಗ್ರಹಿಸಿಡುವ ಸ್ವಿಫ್ಟ್ ಕೂಡಿ 2010ರ ಜುಲೈಯಲ್ಲಿ ಓಪನ್‌ಸ್ಟ್ಯಾಕ್ ಆಯಿತು. 2012ರಲ್ಲಿ ನಾಸಾ ಕೈಬಿಟ್ಟಿತು. ಅಡುಗೆ ಮಾಡಿದವರು ಎದ್ದುಹೋದರೂ ಪಂಕ್ತಿ ನಡೆದೇ ಇದೆ. ಜಿನೀವಾದ ಸೆರ್ನ್ ಪ್ರಯೋಗಾಲಯವೂ ಅದರಲ್ಲಿ ಕೂತಿದೆ.

ಲೆಕ್ಕ ಇಷ್ಟೇ: ಎಲ್ಲವನ್ನೂ ನಿಯಂತ್ರಿಸುವ ಕಂಟ್ರೋಲರ್ ಯಂತ್ರಕ್ಕೆ ಕನಿಷ್ಠ 4 ಜಿಬಿ ರ‍್ಯಾಮ್, ವರ್ಚುವಲ್ ಯಂತ್ರಗಳು ಓಡುವ ಕಂಪ್ಯೂಟ್ ಯಂತ್ರಕ್ಕೆ 2 ಜಿಬಿ. ಸಿರ್‌ಒಎಸ್ ಎಂಬ ಪುಟಾಣಿ ಆಪರೇಟಿಂಗ್ ಸಿಸ್ಟಮ್ಮಿನ ಇಮೇಜನ್ನು ಓಡಿಸಿ ನೋಡಲು ಇಷ್ಟು ಸಾಕು. ಮಕ್ಕಳ ಪ್ರಾಜೆಕ್ಟಿಗೆ ಇದರ ನಾಲ್ಕು ಪಟ್ಟು ಇರಲಿ.

ಕಟ್ಟುವುದು ಕಷ್ಟವಲ್ಲ. ಮಳೆಗಾಲ ದಾಟಿಸುವುದೇ ಕಷ್ಟ. ಘಟ್ಟದಲ್ಲಿ ಲೈನಿನ ಮೇಲೆ ಕೊಂಬೆ ಬಿದ್ದು ಕರೆಂಟು ಹೋಯಿತೆನ್ನಿ. ಮರಳಿ ಬಂದಾಗ ಮೊದಲು ಕಂಟ್ರೋಲರ್ ಏಳಲಿ, ಆಮೇಲೆ ಕಂಪ್ಯೂಟ್. ಕಂಪ್ಯೂಟ್ ಯಂತ್ರ 10 ಸೆಕೆಂಡಿಗೊಮ್ಮೆ ತಾನಿದ್ದೇನೆ ಎಂದು ವರದಿ ಕೊಡುತ್ತದೆ. 60 ಸೆಕೆಂಡು ಸದ್ದಿಲ್ಲದಿದ್ದರೆ ನೋವಾ ಅದನ್ನು ಡೌನ್ ಎಂದು ಬರೆದುಕೊಳ್ಳುತ್ತದೆ. ಆಗ ಹೊಸ ವರ್ಚುವಲ್ ಯಂತ್ರ ಕೇಳಿದರೆ ‘ನೋ ವ್ಯಾಲಿಡ್ ಹೋಸ್ಟ್’ ಎಂಬ ಉತ್ತರ, ಅಂದರೆ ಅದಕ್ಕೆ ತಕ್ಕ ಯಂತ್ರ ಸಿಗಲಿಲ್ಲ. ಕೂಡಲೇ ಎಲ್ಲ ಅಳಿಸಿ ಮರುಸ್ಥಾಪನೆಗೆ ಕೂರಬೇಡಿ. ಯಾವ ಸರ್ವೀಸ್ ಡೌನ್ ಇದೆ ಎಂದು ಮೊದಲು ನೋಡಿ.

ಹಳೆ ಯಂತ್ರಗಳಲ್ಲಿ ನಿಜವಾದ ಕಳ್ಳ ಮದರ್‌ಬೋರ್ಡಿನ ಬಿಲ್ಲೆ ಬ್ಯಾಟರಿ. ಅದು ಸತ್ತಿದ್ದರೆ ಕರೆಂಟು ಹೋದಾಗ ಗಡಿಯಾರ ವರ್ಷಗಟ್ಟಲೆ ಹಿಂದೆ ಓಡುತ್ತದೆ. ನೆಟ್ ಬಂದೊಡನೆ ತಾರೀಕು ಇವತ್ತಿಗೆ ಜಿಗಿಯುತ್ತದೆ. ಲಾಗಿನ್ ನೋಡಿಕೊಳ್ಳುವ ಕೀಸ್ಟೋನ್ ಕೊಡುವ ಟೋಕನ್ನಿನ, ಅಂದರೆ ಪ್ರವೇಶ ಚೀಟಿಯ, ಆಯುಸ್ಸು ಮಾಮೂಲಾಗಿ ಒಂದೇ ಗಂಟೆ. ಆ ಜಿಗಿತಕ್ಕೆ ಹಿಂದೆ ಕೊಟ್ಟ ಟೋಕನ್ನುಗಳೆಲ್ಲ ಒಟ್ಟಿಗೇ ಸಾಯುತ್ತವೆ. ಪಾಸ್‌ವರ್ಡ್ ಸರಿಯಿದ್ದೂ ಪ್ರವೇಶವಿಲ್ಲ ಎನ್ನುವ 401 ಎರರ್ ಬರುವುದು ಹೀಗೆ. ಇನ್ನೊಂದು ಕಾಟ: ಬ್ಯಾಟರಿ ಸತ್ತರೆ ಹಲವು ಹಳೆ ಬೋರ್ಡುಗಳಲ್ಲಿ ಬಯಾಸಿನ (ಯಂತ್ರ ಏಳುವಾಗ ಮೊದಲು ಓಡುವ ತಂತ್ರಾಂಶದ) ವರ್ಚುವಲೈಸೇಶನ್ ಸೆಟ್ಟಿಂಗು ತಾನಾಗಿ ಆಫ್ ಆಗುತ್ತದೆ, ವರ್ಚುವಲ್ ಯಂತ್ರ ಓಡಿಸುವ ಕೆವಿಎಂ ಕೈಕೊಡುತ್ತದೆ.

ಪ್ಲಗ್ ಕಿತ್ತು, ಸಿಆರ್ 2032 ಬಿಲ್ಲೆ ಹಾಕಿ. ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ. ಕಾರವಾರದ ಉಪ್ಪುಗಾಳಿಗೆ ಹಸಿರು ಕಟ್ಟಿದ್ದರೆ ಬಿಲ್ಲೆ ಕೂರುವ ಹಿಡಿಕೆಯನ್ನು ಒರೆಸಿ. ಆಮೇಲೆ ಬಯಾಸಿನಲ್ಲಿ ತಾರೀಕು ಸರಿಪಡಿಸಿ, ವರ್ಚುವಲೈಸೇಶನ್ ಆನ್ ಮಾಡಿ, ಸೇವ್ ಕೊಟ್ಟೇ ಹೊರಬನ್ನಿ.