ಗಾರೆ ಒಡೆಯದೆ ರೇಟು ಹೇಳುವವರಿಗೆ ಕೆಲಸ ಕೊಡಬೇಡಿ

ನಮಸ್ಕಾರ. ಇವತ್ತಿನ ಮಾತು ಕೆಲವು ಗುತ್ತಿಗೆದಾರರಿಗೆ ಬೇಜಾರು ತರಬಹುದು. ತರಲಿ.

ಮನೆಯ ಹೊರಗೋಡೆ ಒದ್ದೆಯಾಗಿದೆ. ಬಣ್ಣ ಉಬ್ಬಿದೆ, ಮುಟ್ಟಿದರೆ ಬಿಳಿ ಪುಡಿ ಕೈಗೆ ಬರುತ್ತದೆ. ನೀವು ಯಾರನ್ನೋ ಕರೆಸುತ್ತೀರಿ. ಅವರು ಬಂದು ಗೋಡೆ ಮೇಲೆ ಟೇಪ್ ಎಳೆದು, ಚಹಾ ಮುಗಿಯುವುದರೊಳಗೆ ರೇಟು ಹೇಳುತ್ತಾರೆ. ಚದರ ಅಡಿಗೆ ಇಷ್ಟು, ಎರಡು ಕೋಟ್, ಇಷ್ಟು ವರ್ಷ ಗ್ಯಾರಂಟಿ. ನಾನು ಹೇಳುವುದು ಇಷ್ಟೇ: ಗಾರೆ ಒಡೆದು ಒಳಗೆ ನೋಡದೆ ರೇಟು ಹೇಳುವವರಿಗೆ ಆ ಕೆಲಸ ಕೊಡಬೇಡಿ. ಎಷ್ಟೇ ಕಡಿಮೆ ಹೇಳಲಿ, ಎಷ್ಟೇ ಪರಿಚಯದವರಾಗಿರಲಿ.

ಯಾಕೆ ಗೊತ್ತಾ? ಅವರು ಅಳೆದದ್ದು ಕಲೆಯನ್ನು. ಹಾಳಾಗಿರುವುದು ಕಲೆಯ ಹಿಂದೆ. ಎಷ್ಟೋ ಸಲ ಅಲ್ಲಿಂದ ನಾಲ್ಕಡಿ ದೂರದಲ್ಲಿ. ಕಿಟಕಿಯ ಮೇಲೆ ಹೊರಗೆ ಚಾಚಿದ ಸಜ್ಜಾ ಗೋಡೆಗೆ ಸೇರುವ ಸಂದಿನಲ್ಲಿ ಇಳಿದ ನೀರು ಗಾರೆಯ ಹಿಂದೆಯೇ ಜಾರಿ, ಕಿಟಕಿಯ ಕೆಳಮೂಲೆಯಲ್ಲಿ ಮುಖ ತೋರಿಸುತ್ತದೆ. ನಾವು ಕಿಟಕಿ ಮೂಲೆಗೆ ಪುಟ್ಟಿ ಹಚ್ಚುತ್ತೇವೆ. ಸಜ್ಜಾ ಹಾಗೇ ಇರುತ್ತದೆ. ಮುಂದಿನ ಜುಲೈಗೆ ಕಲೆ ಇನ್ನೊಂದು ಕಡೆ.

ಎಲ್ಲಿ ನೋಡಬೇಕು? ಪ್ಯಾರಪೆಟ್ ಗೋಡೆಯ ತಲೆ, ಕಾಂಕ್ರೀಟ್ ಕಂಬಕ್ಕೂ ಇಟ್ಟಿಗೆಗೂ ನಡುವಿನ ಬಿರುಕು, ಬಚ್ಚಲುಮನೆಯ ಪೈಪು, ಕಿಟಕಿ ಚೌಕಟ್ಟಿನ ಸುತ್ತ. ಇವೆಲ್ಲ ಮೇಸ್ತ್ರಿಗಳಿಗೆ ಗೊತ್ತು. ಆದರೆ ಈಗೀಗ ಹೊಸದೊಂದು ಕಾಟ ಬಂದಿದೆ, ಅದನ್ನು ಯಾರೂ ಹೇಳುವುದಿಲ್ಲ. ಅಂಗಳಕ್ಕೆ ಹಾಕಿಸುವ ಇಂಟರ್‌ಲಾಕ್! ಹಳೆ ಅಂಗಳದ ಮೇಲೆ ಮಣ್ಣು, ಜಲ್ಲಿಪುಡಿ, ಅದರ ಮೇಲೆ ಕಲ್ಲು ಅಂತ ನೆಲ ಅರ್ಧ ಅಡಿ ಏರುತ್ತದೆ. ಒಂದೂವರೆ ಅಡಿ ಇದ್ದ ಅಡಿಪಾಯದ ಎತ್ತರ ಒಂದೇ ಅಡಿ ಆಗುತ್ತದೆ. ಮಾಡಿನಿಂದ ಬಿದ್ದ ನೀರು ಮೊದಲು ಮಣ್ಣಿಗೆ ಬಿದ್ದು ಇಂಗುತ್ತಿತ್ತು. ಈಗ ಗಟ್ಟಿ ಕಲ್ಲಿಗೆ ಬಿದ್ದು ನೇರವಾಗಿ ಗೋಡೆಗೆ ಸಿಡಿಯುತ್ತದೆ. ಚಪ್ಪಲಿಗೆ ಕೆಸರು ಹತ್ತುವುದಿಲ್ಲ, ನಿಜ. ಗೋಡೆಯ ಬುಡ ಮಾತ್ರ ನಾಲ್ಕು ತಿಂಗಳು ಒಣಗುವುದೇ ಇಲ್ಲ.

ಈಗ ಮಲೆನಾಡು ಮತ್ತು ಕರಾವಳಿಯ ಹಳೆ ಮನೆಗಳ ವಿಷಯಕ್ಕೆ ಬರೋಣ. ಇಲ್ಲಿ ಗೋಡೆ ಮಣ್ಣಿನದು, ಇಲ್ಲವೇ ಕೆಂಪುಕಲ್ಲಿನದು. ಎರಡೂ ನೀರು ಕುಡಿಯುತ್ತವೆ. ಹಿಂದೆ ಇದರ ಮೇಲೆ ಸುಣ್ಣದ ಗಾರೆ ಇರುತ್ತಿತ್ತು. ಕರಾವಳಿಯಲ್ಲಿ ಚಿಪ್ಪು ಸುಟ್ಟು ಮಾಡಿದ ಸುಣ್ಣ. ಮಳೆಗಾಲದಲ್ಲಿ ಕುಡಿದ ನೀರನ್ನು ಗೋಡೆ ಬಿಸಿಲು ಬಂದಾಗ ಆ ಸುಣ್ಣದ ಮೂಲಕವೇ ಹೊರಗೆ ಬಿಡುತ್ತಿತ್ತು. ಗಾಳಿ ಮಳೆ ಹೊಡೆಯುವ ಪಶ್ಚಿಮದ ಗೋಡೆಗೆ ಅಡಿಕೆ ಸೋಗೆಯ ತಟ್ಟಿಯನ್ನೂ ಕಟ್ಟುತ್ತಿದ್ದರು. ಆಮೇಲೆ ಸಿಮೆಂಟು ಸಲೀಸಾಗಿ ಸಿಗತೊಡಗಿತು. 'ಗಟ್ಟಿ ಆಗಲಿ' ಅಂತ ಸುಣ್ಣ ಕಿತ್ತು ಸಿಮೆಂಟ್ ಹಚ್ಚಿದರು, ಅದರ ಮೇಲೆ ನೀರು ಬಿಡದ ಬಣ್ಣ. ಒದ್ದೆ ಅಂಗಿಯ ಮೇಲೆ ರೇನ್‌ಕೋಟ್ ಹಾಕಿಕೊಂಡ ಹಾಗೆ. ಸಿಮೆಂಟು ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಸಾಕು, ನೀರು ಒಳಗೆ ಹೋಗುತ್ತದೆ. ಹೊರಗೆ ಬರಲು ದಾರಿ ಇಲ್ಲ.

ನಾನು ಸಿಮೆಂಟಿನ ವಿರೋಧಿ ಅಲ್ಲ. ಬ್ಲಾಕ್ ಗೋಡೆಗೆ ಸಿಮೆಂಟ್ ಗಾರೆ ಸರಿಯೇ. ಮಣ್ಣಿನ ಗೋಡೆಗೆ ಮಾತ್ರ ಅದು ಶತ್ರು.

ಆ ಗೋಡೆಯೊಳಗೆ ಮರ ಇದೆ, ನೆನಪಿರಲಿ. ಬಾಗಿಲಿನ ದಾರಂದ, ಕಿಟಕಿಯ ಮೇಲಿನ ಹಲಗೆ, ತೊಲೆಯ ತುದಿ. ತೊಲೆ ಮಧ್ಯದಲ್ಲಿ ಕಬ್ಬಿಣದ ಹಾಗೆ ಇರುತ್ತದೆ, ಗೋಡೆಯೊಳಗೆ ಹುದುಗಿದ ಆ ಒಂದು ಅಡಿ ಪುಡಿಪುಡಿ. ಮರದ ತೇವ ಶೇ 20ರ ಒಳಗಿದ್ದರೆ ಕೊಳೆಸುವ ಬೂಷ್ಟು ಬೆಳೆಯುವುದಿಲ್ಲ. ಒದ್ದೆ ಗೋಡೆಯಲ್ಲಿ ಹುದುಗಿದ ಮರಕ್ಕೆ ಆ ಮಟ್ಟ ದಾಟುವುದು ಕಷ್ಟವಲ್ಲ. ಹಿಂದೆಯೇ ಗೆದ್ದಲು. ಚೇಗಿನ ಮರವಾದರೆ, ಅಂದರೆ ಬಲಿತ ಮರದ ಒಳತಿರುಳಾದರೆ, ಜಾಸ್ತಿ ವರ್ಷ ತಡೆಯುತ್ತದೆ, ಎಳೆ ಮರ ತಡೆಯುವುದಿಲ್ಲ.

ಇದು ಹೊರಗಿನಿಂದ ಗೊತ್ತಾಗುತ್ತದಾ? ಸ್ವಲ್ಪ ಗೊತ್ತಾಗುತ್ತದೆ. ಸುತ್ತಿಗೆಯ ಹಿಡಿಯಿಂದ ಗೋಡೆ ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ. ಸ್ಕ್ರೂಡ್ರೈವರ್ ಒತ್ತಿದರೆ ಹಾಳಾದ ಮರದೊಳಗೆ ಸರಕ್ಕನೆ ಇಳಿಯುತ್ತದೆ. ಇನ್ನೊಂದು, ಖರ್ಚಿಲ್ಲದ ಪರೀಕ್ಷೆ. ಮನೆಯ ಒಳಗಿನಿಂದ ಗೋಡೆಗೆ ಒಂದು ತುಂಡು ಪ್ಲಾಸ್ಟಿಕ್ ಹಾಳೆ ಇಟ್ಟು, ನಾಲ್ಕೂ ಕಡೆ ಟೇಪ್ ಅಂಟಿಸಿ ಒಂದೆರಡು ದಿನ ಬಿಡಿ. ಹಾಳೆಯ ಹಿಂದೆ, ಗೋಡೆ ಕಡೆ ಹನಿ ಕಟ್ಟಿದರೆ ನೀರು ಗೋಡೆಯಿಂದ ಬರುತ್ತಿದೆ. ಮುಂದೆ, ಕೋಣೆ ಕಡೆ ಹನಿ ಇದ್ದರೆ ಅದು ಕೋಣೆಯ ಗಾಳಿಯ ತೇವ, ಕಿಟಕಿ ತೆಗೆದಿಟ್ಟರೆ ಕಡಿಮೆಯಾದೀತು. ಆದರೆ ಎಷ್ಟು ಹಾಳಾಗಿದೆ ಅನ್ನುವುದು ಯಾವ ಪರೀಕ್ಷೆಯಲ್ಲೂ ಸಿಗುವುದಿಲ್ಲ. ಅದಕ್ಕೆ ಗಾರೆ ಒಡೆಯಲೇಬೇಕು.

ದೊಡ್ಡದೊಂದು ಉದಾಹರಣೆ ಕೊಡುತ್ತೇನೆ, ನ್ಯೂಜಿಲೆಂಡಿನದು. 1990ರ ದಶಕದಲ್ಲಿ ಅಲ್ಲಿ ಮೆಡಿಟರೇನಿಯನ್ ಶೈಲಿ ಅಂತ ಒಂದು ಫ್ಯಾಷನ್ ಬಂತು. ಚಪ್ಪಟೆ ಮಾಡು, ಗೋಡೆಯಿಂದ ಹೊರಗೆ ಚಾಚದ ಸೂರು, ನುಣುಪು ಗಾರೆಯ ಹೊರಮೈ. ಒಳಗೆ ಪೈನ್ ಮರದ ಚೌಕಟ್ಟು. ಅದೇ ದಶಕದಲ್ಲಿ ಔಷಧಿ ಹಾಕದ ಪೈನ್ ಬಳಸುವುದಕ್ಕೂ ಅವಕಾಶ ಸಿಕ್ಕಿತು. ಗಾರೆಯ ಹಿಂದೆ ನೀರು ಇಳಿದು ಹೋಗಲು ಖಾಲಿ ಜಾಗವನ್ನೂ ಬಿಟ್ಟಿರಲಿಲ್ಲ. ಹೊರಗಿನಿಂದ ಮನೆ ಥಳಥಳ, ಒಳಗೆ ಚೌಕಟ್ಟು ಕೊಳೆಯುತ್ತಿತ್ತು. 2009ರಲ್ಲಿ ಅಲ್ಲಿನ ಸರ್ಕಾರಕ್ಕಾಗಿ ಮಾಡಿದ ಒಂದು ಅಂದಾಜಿನ ಪ್ರಕಾರ ಹೀಗೆ ಕೆಟ್ಟ ಮನೆಗಳು ಸುಮಾರು 42,000. ಸರಿಪಡಿಸುವ ಖರ್ಚು ಸುಮಾರು 1,130 ಕೋಟಿ ನ್ಯೂಜಿಲೆಂಡ್ ಡಾಲರ್. 2011ರಲ್ಲಿ ಒಂದು ಯೋಜನೆ ಬಂತು: ಕಾಲು ಭಾಗ ಸರ್ಕಾರ, ಕಾಲು ಭಾಗ ಸ್ಥಳೀಯ ಕೌನ್ಸಿಲ್, ಉಳಿದರ್ಧ ಮನೆಯವರು. ಎಷ್ಟೋ ಮನೆಗಳ ಹೊರಮೈಯನ್ನು ಪೂರ್ತಿ ಕಿತ್ತು, ಕೊಳೆತ ಮರ ಬದಲಿಸಿ, ಮತ್ತೆ ಹೊದಿಸಬೇಕಾಯಿತು.

ಆಕ್ಲೆಂಡಿನಲ್ಲಿ ವರ್ಷಕ್ಕೆ ಸುಮಾರು 1,200 ಮಿ.ಮೀ. ಮಳೆ. ನಮ್ಮ ಕರಾವಳಿಯಲ್ಲಿ ಅದರ ಮೂರು ಪಟ್ಟು, ಆಗುಂಬೆಯಲ್ಲಿ ಇನ್ನೂ ಜಾಸ್ತಿ. ಆದರೂ ಉಡುಪಿ, ಶಿರಸಿ, ತೀರ್ಥಹಳ್ಳಿ, ಎಲ್ಲಿ ನೋಡಿದರೂ ಈಗ ಡಬ್ಬಿಯಂಥ ಮನೆಗಳು. ಸಜ್ಜಾ ಇದ್ದರೆ 'ಎಲಿವೇಶನ್', ಅಂದರೆ ಮನೆಯ ಮುಂಭಾಗದ ಅಂದ, ಹಾಳಾಗುತ್ತದಂತೆ! ನಮ್ಮ ಗೋಡೆಯಲ್ಲಿ ಪೈನ್ ಇಲ್ಲ ನಿಜ, ಆದರೆ ಕಾಂಕ್ರೀಟಿನೊಳಗೆ ಸರಳು ಇದೆಯಲ್ಲ. ತುಕ್ಕು ಹಿಡಿದ ಸರಳು ಊದಿಕೊಂಡು ಕಾಂಕ್ರೀಟನ್ನೇ ಸೀಳುತ್ತದೆ. ಕಡೆಗೆ ಏನು ಮಾಡುತ್ತಾರೆ? ನಾಲ್ಕು ಮಳೆಗಾಲ ನೋಡಿ, ತಾರಸಿ ಮೇಲೆ ಕಬ್ಬಿಣದ ಕಂಬ ನೆಟ್ಟು ಶೀಟ್ ಮಾಡು ಹೊದಿಸುತ್ತಾರೆ. ಮೊದಲೇ ಇಳಿಜಾರು ಮಾಡು ಹಾಕಿದ್ದರೆ ಆಗುತ್ತಿರಲಿಲ್ಲವಾ ಮಾರಾಯ್ರೆ?

ಸರಿ, ಮನೆ ಆಗಲೇ ಕಟ್ಟಿಯಾಗಿದೆ, ನೀರೂ ಇಳಿದಿದೆ. ಕೆಲಸ ಕೊಡುವುದು ಹೇಗೆ? ಎರಡು ಕಂತಿನಲ್ಲಿ ಕೊಡಿ. ಮೊದಲನೆಯದು ಒಡೆಯುವ ಕೆಲಸ, ದಿನಗೂಲಿಗೆ. ತೊಲೆಯ ಕೆಳಗೆ, ದಾರಂದದ ಮೇಲೆ ಮೊದಲು ಆಧಾರ ಕೊಟ್ಟು, ಆಮೇಲೆ ಗಾರೆ ಉದುರಿಸಬೇಕು. ಒದ್ದೆಯ ಅಂಚು ಮುಗಿದ ಮೇಲೂ ಒಂದೆರಡು ಅಡಿ ಒಡೆಯಲಿ. ಗಟ್ಟಿ ಕಲ್ಲು, ಗಟ್ಟಿ ಮರ ಸಿಗುವವರೆಗೆ ನಿಲ್ಲಿಸಬಾರದು. ಫೋಟೊ ತೆಗೆದಿಡಿ. ಎರಡನೆಯ ಕಂತಿನ ರೇಟು ಆಗ ಮಾತಾಡಿ. ಆಗ ನಿಮಗೂ ಮೇಸ್ತ್ರಿಗೂ ಇಬ್ಬರಿಗೂ ಕಾಣುತ್ತಿರುತ್ತದೆ, ಚೌಕಾಸಿಗೆ ಅರ್ಥ ಇರುತ್ತದೆ. ಮೊದಲೇ ಮೊತ್ತ ಹೇಳಿ ಸಿಕ್ಕಿಬಿದ್ದವನು ಕೊಳೆತದ್ದು ಕಂಡರೂ ಮುಚ್ಚಿಬಿಡುತ್ತಾನೆ. ಅವನು ಕೆಟ್ಟವನು ಅಂತಲ್ಲ. ಲೆಕ್ಕ ಅವನನ್ನು ಹಾಗೆ ಮಾಡಿಸುತ್ತದೆ.

ತೊಲೆ ತುದಿ ಹೋಗಿದ್ದರೆ ಇಡೀ ತೊಲೆ ಬದಲಿಸಬೇಕಾಗಿಲ್ಲ. ಗಟ್ಟಿ ಭಾಗದವರೆಗೆ ಓರೆಯಾಗಿ ಕತ್ತರಿಸಿ, ಚೆನ್ನಾಗಿ ಒಣಗಿದ ಮರದ ತುಂಡು ಸೇರಿಸಿ ಬೋಲ್ಟ್ ಹಾಕುವ ಬಡಗಿಗಳು ಈಗಲೂ ಇದ್ದಾರೆ. ಮತ್ತೆ ಗೋಡೆಯೊಳಗೆ ಕೂರಿಸುವಾಗ ಸುತ್ತ ಬೆರಳಷ್ಟು ಜಾಗ ಬಿಡಿಸಿ, ಗಾಳಿ ಆಡಲಿ. ಸಂದಿಗೆ ಸಿಮೆಂಟ್ ತುಂಬಲು ಮಾತ್ರ ಬಿಡಬೇಡಿ.

ಇದರ ನಡುವೆ ಗೋಡೆ ಒಣಗಬೇಕು. ಯಾರಿಗೂ ತಾಳ್ಮೆ ಇಲ್ಲದ್ದು ಇಲ್ಲೇ. ಒಂದು ಇಂಚು ದಪ್ಪಕ್ಕೆ ಒಂದು ತಿಂಗಳು ಅನ್ನುವುದು ಹಳೆಯ ಅಂದಾಜು ಲೆಕ್ಕ. ನಮ್ಮ ಬಿಸಿಲಿಗೆ ಸ್ವಲ್ಪ ಬೇಗ ಆದೀತು, ಆದರೂ ದೀಪಾವಳಿ ಕಳೆದ ಕೂಡಲೇ ಒಡೆದರೆ ಮಾತ್ರ ಮಾರ್ಚಿಗೆ ಗಾರೆ ಹಾಕಬಹುದು. ನಾವು ಪೇಂಟರನ್ನು ಕರೆಯುವುದು ಮೇ ತಿಂಗಳಲ್ಲಿ, ಮದುವೆಗೆ ಎಂಟು ದಿನ ಮುಂಚೆ, ಅಲ್ವಾ?

ನೀವು ಇದನ್ನು ಕೇಳುತ್ತಿರುವುದು ಮೇನಲ್ಲೇ ಆದರೆ, ಅವಸರದಲ್ಲಿ ಏನನ್ನೂ ಒಡೆಸಬೇಡಿ. ತೊಲೆ ಬಾಗಿದ್ದರೆ, ದಾರಂದ ಕುಸಿದಿದ್ದರೆ ಕಾಯಬೇಡಿ, ಇವತ್ತೇ ಆಧಾರ ಕೊಡಿಸಿ. ಉಳಿದದ್ದಕ್ಕೆ, ಗಾಳಿ ಹೊಡೆಯುವ ಗೋಡೆಗೆ ಹೊರಗಿನಿಂದ ಸೋಗೆ ತಟ್ಟಿಯೋ ಶೀಟೋ ಕಟ್ಟಿಸಿ. ಗೋಡೆಗೂ ತಟ್ಟಿಗೂ ನಡುವೆ ಗಾಳಿಗೆ ಜಾಗ ಇರಲಿ. ಒಳಗೋಡೆಯಲ್ಲಿ ಕಲೆಯ ಅಂಚಿಗೆ ಪೆನ್ಸಿಲಿನಿಂದ ಗೆರೆ ಎಳೆದು ಪಕ್ಕದಲ್ಲಿ ತಾರೀಕು ಬರೆಯಿರಿ. ವಾರಕ್ಕೊಮ್ಮೆ, ಮಳೆಗಾಲ ಪೂರ್ತಿ. ಅಕ್ಟೋಬರ್‌ನಲ್ಲಿ ಮೇಸ್ತ್ರಿ ಬಂದಾಗ ಮೊದಲು ಆ ಗೆರೆಗಳನ್ನು ತೋರಿಸಿ, ಎಲ್ಲಿಂದ ಒಡೆಯುತ್ತೀರಿ ಅಂತ ಕೇಳಿ.