ಹಾಲ್ ಅಂದರೆ ಲಾಡ್ಜ್ ಅಲ್ಲ, ಮನೆ

ಕೇಳುಗರಿಗೆ ನಮಸ್ಕಾರ. ಪಿಯುಸಿ ಮುಗಿಸಿ, ಹಾಸಿಗೆ ಸುತ್ತಿಕೊಂಡು ಹಾಸ್ಟೆಲ್ಲಿಗೆ ಹೊರಟಿರುವ ಹುಡುಗರಿಗೆ, ಅವರನ್ನು ಬಿಟ್ಟುಬರಲು ಹೊರಟಿರುವ ಅಪ್ಪ ಅಮ್ಮಂದಿರಿಗೆ ಈ ಮಾತು.

ಹಾಸ್ಟೆಲ್ ಅಂದ ಕೂಡಲೇ ನಾವು ಕೇಳುವುದು ಎರಡೇ ಪ್ರಶ್ನೆ. ಊಟ ಹೇಗೆ? ತಿಂಗಳಿಗೆ ಎಷ್ಟು? ಇವು ಲಾಡ್ಜಿನಲ್ಲಿ ಕೇಳುವ ಪ್ರಶ್ನೆಗಳು. ಇವನ್ನು ಕೇಳಬೇಡಿ ಅನ್ನುವುದಿಲ್ಲ. ಆದರೆ ಮೂರನೆಯದೊಂದನ್ನು ಕೇಳಲೇಬೇಕು: ಈ ಮನೆಯನ್ನು ನಡೆಸುವವರು ಯಾರು? ಕೆಲವು ಹಳೆಯ ಕಾಲೇಜುಗಳಲ್ಲಿ ಹಾಸ್ಟೆಲ್ಲಿಗೆ ಹಾಲ್ ಅನ್ನುತ್ತಾರೆ. ಇವತ್ತು ನಾನು ಹೇಳಬೇಕಾದದ್ದು ಇದೊಂದೇ. ಹಾಲ್ ಅಂದರೆ ಲಾಡ್ಜ್ ಅಲ್ಲ, ಮನೆ. ಮನೆಯನ್ನು ಅಲ್ಲಿ ಇರುವವರೇ ನಡೆಸಬೇಕು.

ಇದಕ್ಕೆ ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿಗಿಂತ ಒಳ್ಳೆಯ ಉದಾಹರಣೆ ನನಗೆ ಕಾಣುವುದಿಲ್ಲ. 1837ರಲ್ಲಿ ಸ್ಕಾಟ್ಲೆಂಡಿನ ಪಾದ್ರಿ ಜಾನ್ ಆಂಡರ್ಸನ್ ಮದ್ರಾಸಿನಲ್ಲಿ ತೆರೆದ ಒಂದು ಶಾಲೆ ಅದು. ವಿಲಿಯಂ ಮಿಲ್ಲರ್ ಅವರ ಕೈಯಲ್ಲಿ ದೊಡ್ಡ ಕಾಲೇಜಾಯಿತು. ನಮ್ಮ ಮಂಜೇಶ್ವರದ ಗೋವಿಂದ ಪೈಗಳು ಓದಿದ್ದು ಅಲ್ಲೇ. ಮುಂದೆ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳಿದ ರಾಧಾಕೃಷ್ಣನ್ ಅವರು ಓದಿದ್ದೂ ಅಲ್ಲೇ. ಆಗ ಕಾಲೇಜು ಇದ್ದದ್ದು ಹೈಕೋರ್ಟಿನ ಎದುರು, ಪೇಟೆಯ ಗದ್ದಲದ ನಡುವೆ. 1931ರಲ್ಲಿ ಮದ್ರಾಸ್ ಬೀಚಿನಿಂದ ತಾಂಬರಂಗೆ ವಿದ್ಯುತ್ ರೈಲು ಓಡಿತು. 1937ರಲ್ಲಿ ಕಾಲೇಜೇ ತಾಂಬರಂಗೆ ಹೋಯಿತು. ಊರಿನಿಂದ ಸುಮಾರು 25 ಕಿಲೋಮೀಟರು, ಸೇಲೈಯೂರಿನ ಕುರುಚಲು ಕಾಡು. ಅಲ್ಲಿ ಗಂಡುಹುಡುಗರಿಗೆ ಮೂರು ಮನೆ ಕಟ್ಟಿದರು: ಸೇಲೈಯೂರ್ ಹಾಲ್, ಸೇಂಟ್ ಥಾಮಸ್ ಹಾಲ್, ಬಿಷಪ್ ಹೀಬರ್ ಹಾಲ್. ಹೆಣ್ಣುಮಕ್ಕಳ ಹಾಲ್‌ಗಳು ಆಮೇಲೆ ಬಂದವು.

ನಡುವೆ ತೆರೆದ ಅಂಗಳ, ಸುತ್ತ ಕೋಣೆಗಳ ಸಾಲು. ನಮ್ಮ ತೊಟ್ಟಿ ಮನೆಯನ್ನು ನೆನೆಸಿಕೊಳ್ಳಿ. ತೊಟ್ಟಿ ಮನೆಯಲ್ಲಿ ಯಾರು ಬಂದರು, ಯಾರು ಉಣ್ಣದೆ ಮಲಗಿದರು, ಎಲ್ಲರಿಗೂ ಗೊತ್ತಾಗುತ್ತದೆ. ಉದ್ದನೆಯ ಕಾರಿಡಾರಿನ ಎರಡೂ ಕಡೆ ಬಾಗಿಲು ಮುಚ್ಚಿದ ಕೋಣೆಗಳಿದ್ದರೆ ಅದು ಗೊತ್ತಾಗುವುದಿಲ್ಲ. ಹುಡುಗನೊಬ್ಬ ಜ್ವರದಲ್ಲಿ ಮಲಗಿದ್ದರೂ ಪಕ್ಕದವನಿಗೆ ತಿಳಿಯದ ಹಾಸ್ಟೆಲ್‌ಗಳನ್ನು ನಾವು ಈಗ ಕಟ್ಟುತ್ತಿದ್ದೇವೆ.

ಆ ಮೂರು ಹಾಲ್‌ಗಳ ಹೆಸರು ಎಲ್ಲಿಂದ ಬಂತು? ಸೇಲೈಯೂರು ಪಕ್ಕದ ಊರು. ಥಾಮಸ್ ಯೇಸುವಿನ ಶಿಷ್ಯ; ಅವರ ಹೆಸರಿನ ಬೆಟ್ಟ ಮದ್ರಾಸಿನಿಂದ ತಾಂಬರಂಗೆ ಹೋಗುವ ದಾರಿಯಲ್ಲೇ ಇದೆ. ಈ ಹೀಬರ್ ಯಾರು? ಆ ಕತೆಯನ್ನು ಸ್ವಲ್ಪ ನಿಧಾನವಾಗಿಯೇ ಹೇಳಬೇಕು.

ರೆಜಿನಾಲ್ಡ್ ಹೀಬರ್ ಕಲ್ಕತ್ತೆಯ ಬಿಷಪ್. ಆಗ ಆ ಒಬ್ಬ ಬಿಷಪ್ಪರ ಸರಹದ್ದಿಗೆ ಬ್ರಿಟಿಷ್ ಇಂಡಿಯಾ ಪೂರ್ತಿ ಬರುತ್ತಿತ್ತು, ಸಿಲೋನ್ ಬರುತ್ತಿತ್ತು, ಆಸ್ಟ್ರೇಲಿಯಾ ಕೂಡ ಬರುತ್ತಿತ್ತು. ಕುಳಿತಲ್ಲಿಂದ ಕಾಗದ ಬರೆದುಕೊಂಡು ಕಾಲ ಕಳೆಯಬಹುದಿತ್ತು. ಅವರು ಹಾಗೆ ಮಾಡಲಿಲ್ಲ. 1824ರಲ್ಲಿ ಕಲ್ಕತ್ತೆಯಿಂದ ದೋಣಿ ಹತ್ತಿ ಗಂಗೆಯ ಮೇಲೆ ಹೊರಟವರು ಉತ್ತರ ಭಾರತ ಸುತ್ತಿ ಬೊಂಬಾಯಿ, ಸಿಲೋನ್ ಮುಗಿಸಿ ಮನೆ ಮುಟ್ಟಿದ್ದು ಮರುವರ್ಷದ ಅಕ್ಟೋಬರಿನಲ್ಲಿ. 1826ರಲ್ಲಿ ದಕ್ಷಿಣಕ್ಕೆ ಬಂದರು. ತಂಜಾವೂರಿನಲ್ಲಿ ಈಸ್ಟರ್ ಕಳೆದು, ಸರಫೋಜಿ ರಾಜರನ್ನು ಕಂಡು, ಏಪ್ರಿಲ್ ಮೊದಲಿಗೆ ತಿರುಚಿನಾಪಳ್ಳಿ ಸೇರಿದರು. ಏಪ್ರಿಲ್ ತಿಂಗಳ ತಿರುಚಿಯ ಬಿಸಿಲು ಹೇಗಿರುತ್ತದೆ ಅನ್ನುವುದು ಹೋಗಿಬಂದವರಿಗೆ ಗೊತ್ತು. 3ನೆಯ ತಾರೀಕು ಬೆಳಗ್ಗೆ ತಮಿಳು ಕ್ರೈಸ್ತರ ಸಭೆಗೆ ಹೋಗಿ ಪೂಜೆ ಮುಗಿಸಿ, ಬಿಡಾರಕ್ಕೆ ಮರಳಿ, ಮೈ ತಂಪಾಗಲೆಂದು ಸ್ನಾನದ ಕೊಳಕ್ಕೆ ಇಳಿದರು. ಆಳದ ತಣ್ಣೀರು. ಎಷ್ಟು ಹೊತ್ತಾದರೂ ಬರಲಿಲ್ಲವೆಂದು ಸೇವಕ ಬಾಗಿಲು ತೆರೆದು ನೋಡಿದರೆ ಜೀವ ಹೋಗಿತ್ತು. 42 ವರ್ಷ. ಅವರ ಸಮಾಧಿ ಇಂದಿಗೂ ತಿರುಚಿಯ ಸೇಂಟ್ ಜಾನ್ಸ್ ಚರ್ಚಿನಲ್ಲಿದೆ.

ಆ ಊರಿನಲ್ಲಿ ಅವರ ಹೆಸರಿನ ಒಂದು ಕಾಲೇಜು ಇತ್ತು. 1930ರ ದಶಕದಲ್ಲಿ ಅದು ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನೊಳಗೆ ಸೇರಿಹೋಯಿತು. ಕಾಲೇಜು ಕಾಲೇಜಿನಲ್ಲಿ ಕರಗಿದರೆ ಸಾಮಾನ್ಯವಾಗಿ ಹೆಸರೂ ಕರಗುತ್ತದೆ. ಇಲ್ಲಿ ಹೆಸರು ಒಂದು ಮನೆಯಾಗಿ ಉಳಿಯಿತು. ತಿರುಚಿಯಲ್ಲಿ ಹೀಬರ್ ಕಾಲೇಜು ಮತ್ತೆ ತೆರೆದದ್ದು 1966ರಲ್ಲಿ. ಅಷ್ಟು ವರ್ಷ ಆ ಹೆಸರನ್ನು ಕಾಪಾಡಿದ್ದು ತಾಂಬರಂನ ಹಾಲ್. ಲಾಡ್ಜಾಗಿದ್ದರೆ ಕಾಪಾಡುತ್ತಿತ್ತೇ? ಮನೆಯಾದ್ದರಿಂದ ಕಾಪಾಡಿತು.

ಸಮಯ ಓಡುತ್ತಿದೆ. ಮನೆ ನಡೆಸುವುದು ಹೇಗೆ ಅನ್ನುವುದಕ್ಕೆ ಬರುತ್ತೇನೆ. ಹಾಲ್‌ನ ಪಕ್ಕದಲ್ಲೇ ವಾಸವಿರುವ ಮೇಷ್ಟರೊಬ್ಬರು ವಾರ್ಡನ್. ಉಳಿದದ್ದು ಹುಡುಗರೇ ಆರಿಸಿದ ಪದಾಧಿಕಾರಿಗಳ ಕೈಯಲ್ಲಿ. ವರ್ಷಕ್ಕೊಮ್ಮೆ ಹಾಲ್ ಡೇ, ಹಾಲ್ ಹಾಲ್‌ಗಳ ನಡುವೆ ಪಂದ್ಯ, ಇವೆಲ್ಲ ಸಂಭ್ರಮ. ಇದ್ದರೆ ಚೆನ್ನ. ಆದರೆ ಒಂದು ಹಾಸ್ಟೆಲ್ ಮನೆಯೋ ಲಾಡ್ಜೋ ಅನ್ನುವುದು ತಿಳಿಯುವುದು ಮೆಸ್ಸಿನ ಲೆಕ್ಕದ ಪುಸ್ತಕದಲ್ಲಿ. ದಕ್ಷಿಣದ ಹಳೆಯ ಹಾಸ್ಟೆಲ್‌ಗಳಲ್ಲಿ ಬೆಳೆದುಬಂದ ಡಿವೈಡಿಂಗ್ ಪದ್ಧತಿ, ಅಂದರೆ ತಿಂಗಳ ಖರ್ಚನ್ನು ಉಂಡ ದಿನಕ್ಕೆ ತಕ್ಕಂತೆ ಎಲ್ಲರೂ ಹಂಚಿಕೊಳ್ಳುವುದು, ನಮ್ಮ ಕರ್ನಾಟಕದಲ್ಲೂ ಇದೆ. ಪೆನ್ಸಿಲ್ ತೆಗೆದುಕೊಳ್ಳಿ.

ತಿಂಗಳ ಮೊದಲ ದಿನ ಉಗ್ರಾಣದಲ್ಲಿ ಇರುವ ಸಾಮಾನಿನ ಬೆಲೆ ಬರೆಯಿರಿ. ಆ ತಿಂಗಳು ಕೊಂಡದ್ದನ್ನು ಕೂಡಿಸಿ. ಕೊನೆಯ ದಿನ ಉಳಿದದ್ದನ್ನು ಕಳೆಯಿರಿ. ಬಂದದ್ದು ಉಂಡ ಖರ್ಚು. 4,32,000 ರೂಪಾಯಿ ಅನ್ನೋಣ. ಇನ್ನು ಹುಡುಗರು 180, ದಿನ 30, ಒಟ್ಟು 5,400. ರಜೆ ಹಾಕಿದ ದಿನಗಳು 600 ಇದ್ದರೆ ಅದನ್ನು ಕಳೆದು 4,800. ಭಾಗಿಸಿದರೆ ದಿನಕ್ಕೆ 90 ರೂಪಾಯಿ. 26 ದಿನ ಉಂಡವನು 2,340 ಕೊಡುತ್ತಾನೆ. ಅಡುಗೆಯವರ ಸಂಬಳ ಇದಕ್ಕೆ ಸೇರುವುದಿಲ್ಲ. ರಜೆಯಲ್ಲಿದ್ದವನೂ ಅದರಲ್ಲಿ ಸಮಪಾಲು ಕೊಡಬೇಕು, ಯಾಕೆಂದರೆ ಒಬ್ಬ ಹುಡುಗ ಊರಿಗೆ ಹೋದನೆಂದು ಭಟ್ಟರಿಗೆ ಸಂಬಳ ಕಡಿಮೆ ಕೊಡಲಾಗುವುದಿಲ್ಲ.

ಕೆಡುವುದು ಎಲ್ಲಿ? ಕೊನೆಯ ದಿನ ಅಕ್ಕಿ ಮೂಟೆಯನ್ನು ತೂಗದೆ ಕಣ್ಣಳತೆಯಲ್ಲಿ ಬರೆದಾಗ. ತೂಗಲೇಬೇಕು. ರಜೆಯನ್ನು ಹೋಗಿಬಂದ ಮೇಲೆ ಬರೆಸಿದಾಗ. ಹಿಂದಿನ ದಿನವೇ ರುಜು ಹಾಕಿಸಬೇಕು, ಇಲ್ಲದಿದ್ದರೆ ಅವನ ಪಾಲಿನ ಅನ್ನ ಬೆಂದಿರುತ್ತದೆ. ಒಬ್ಬನಿಗೆ ಒಂದು ಹೊತ್ತಿಗೆ 150 ಗ್ರಾಂ ಅಕ್ಕಿ ಹಿಡಿದರೆ 180 ಮಂದಿಗೆ 27 ಕಿಲೋ. ಮೂವತ್ತು ಹುಡುಗರು ಹೇಳದೆ ಹೋದರೆ ನಾಲ್ಕೂವರೆ ಕಿಲೋ ಅಕ್ಕಿಯ ಅನ್ನ ದಂಡ, ಅದರ ಬೆಲೆ ಉಳಿದವರ ತಲೆಯ ಮೇಲೆ. ಅತಿಥಿಯ ಊಟದ ಕೂಪನ್ ಬರೆಯದೆ ಬಿಟ್ಟರೂ ಅದೇ ಗತಿ. ಮೆಸ್ ಸೆಕ್ರೆಟರಿ ತಿಂಗಳಿಗೊಬ್ಬ ಬದಲಾಗಲಿ. ಲೆಕ್ಕ ನೋಟೀಸ್ ಬೋರ್ಡಿಗೆ ಬರಲಿ. ಕಂಟ್ರಾಕ್ಟರಿಗೆ ಕೊಟ್ಟುಬಿಟ್ಟರೆ ಈ ತಲೆನೋವು ಇಲ್ಲ, ನಿಜ. ಆದರೆ ಅವತ್ತಿಗೆ ಮನೆ ಹೋಯಿತು, ಲಾಡ್ಜ್ ಬಂತು.

ಒಂದೇ ಒಂದು ಮಾತು ಬಾಕಿ ಇದೆ, ಅವಸರದಲ್ಲಿ ಹೇಳುತ್ತೇನೆ. ಹೊಸಬರನ್ನು ಪೀಡಿಸುವುದು ಯಾವ ಮನೆಯ ಸಂಪ್ರದಾಯವೂ ಅಲ್ಲ. ತಮಿಳುನಾಡು ಅದನ್ನು ತಡೆಯಲು 1997ರಲ್ಲೇ ಪ್ರತ್ಯೇಕ ಕಾನೂನು ಮಾಡಿತು. ಅದಕ್ಕೆ ಹಿಂದಿನ ವರ್ಷ ಅಲ್ಲಿ ಒಬ್ಬ ವೈದ್ಯಕೀಯ ವಿದ್ಯಾರ್ಥಿಯ ಪ್ರಾಣ ಹೋಗಿತ್ತು. ನಮ್ಮ 1983ರ ಶಿಕ್ಷಣ ಕಾಯ್ದೆಯಲ್ಲೂ ಅದು ಅಪರಾಧ. ಯಾರಾದರೂ ಸಂಪ್ರದಾಯ ಅಂದರೆ ನಂಬಬೇಡಿ. ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ ಸಹಾಯವಾಣಿ ಬರೆದುಕೊಳ್ಳಿ, ಹಣ ಕಟ್ಟಬೇಕಿಲ್ಲ: 1800 180 5522. ಇನ್ನೊಮ್ಮೆ ಹೇಳುತ್ತೇನೆ, 1800 180 5522. ನಮಸ್ಕಾರ.