ಹೆಗಲು ತಾಳುವಷ್ಟೇ ಕೋವಿ

ಕಳೆದ ವಾರ ಸಿರುಗುಪ್ಪದ ಹುಡುಗನೊಬ್ಬ ಫೋನ್ ಮಾಡಿದ್ದ. ಜಾಂಬಿಯದ ತಾಮ್ರದ ಗಣಿಯಲ್ಲಿ ಅವನಿಗೆ ಕೆಲಸ ಸಿಕ್ಕಿದೆ. ಅಲ್ಲಿ ಪರವಾನಗಿ ಪಡೆದು ಕಾಡೆಮ್ಮೆಯ ಬೇಟೆಗೆ ಹೋಗಬಹುದೆಂದು ಯಾರೋ ಹೇಳಿದ್ದಾರೆ. "ಅಣ್ಣಾ, ಎಲ್ಲಕ್ಕಿಂತ ದೊಡ್ಡ ರೈಫಲ್ ಯಾವುದು? ಅದನ್ನೇ ಹಿಡಿಯುತ್ತೇನೆ" ಎಂದ. ಫೋನಿನಲ್ಲಿ ಎರಡು ಮಾತು ಹೇಳಿ ಮುಗಿಸಲು ನನಗೆ ಮನಸ್ಸು ಬರಲಿಲ್ಲ. ತಮ್ಮಾ, ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: .375 ಹಿಡಿ, ಅದಕ್ಕಿಂತ ದೊಡ್ಡದರ ಆಸೆ ಬಿಡು.

.375 ಎಂದರೆ ಗುಂಡಿನ ಅಡ್ಡಳತೆ ಇಂಚಿನ ಲೆಕ್ಕದಲ್ಲಿ. ನಮ್ಮ ಅಳತೆಯಲ್ಲಿ ಒಂಬತ್ತೂವರೆ ಮಿಲಿಮೀಟರ್. ಲಂಡನ್ನಿನ ಹಾಲೆಂಡ್ ಆಂಡ್ ಹಾಲೆಂಡ್ ಕಂಪನಿ 1912ರಲ್ಲಿ ಈ ಅಳತೆಯ ತೋಟಾವನ್ನು, ಅಂದರೆ ಮದ್ದು-ಗುಂಡು ಎರಡೂ ಇರುವ ಕಾಡತೂಸನ್ನು, ಹೊರತಂದಿತು. 300 ಗ್ರೇನ್ ತೂಕದ, ಅಂದರೆ ಸುಮಾರು ಹತ್ತೊಂಬತ್ತು ಗ್ರಾಂ ಗುಂಡು ಸೆಕೆಂಡಿಗೆ 2,500 ಅಡಿಗಳಷ್ಟು ವೇಗದಲ್ಲಿ ಹೊರಡುತ್ತದೆ. ಆಫ್ರಿಕದ ಹಲವು ದೇಶಗಳಲ್ಲಿ ಅಪಾಯದ ಪ್ರಾಣಿಗಳ ಬೇಟೆಗೆ ಇದೇ ಕನಿಷ್ಠ ಮಿತಿ. ಕನಿಷ್ಠ ಎಂಬ ಪದ ಕೇಳಿದ ಕೂಡಲೇ ಹುಡುಗರಿಗೆ ಇದು ಸಣ್ಣದೆನಿಸುತ್ತದೆ. ಅಲ್ಲಿಂದಲೇ ತಪ್ಪು ಶುರುವಾಗುತ್ತದೆ.

ನಾನೂ ಆ ತಪ್ಪು ಮಾಡಿದವನು. ಸಂಡೂರಿನ ಅದಿರು ಗಣಿಯಲ್ಲಿ ಕೆಲಸ ಕಲಿತು, ಮೂರು ವರ್ಷ ತಾಂಜಾನಿಯದಲ್ಲಿದ್ದೆ. ಅಲ್ಲಿ ವೃತ್ತಿಯಿಂದಲೇ ಬೇಟೆಗಾರರಾಗಿದ್ದ ಹಿರಿಯರೊಬ್ಬರ ಪರಿಚಯವಾಯಿತು. ಅವರ .458 ರೈಫಲ್ಲನ್ನು ಒಮ್ಮೆ ಹಾರಿಸಲು ಕೇಳಿದೆ. ಅದರ ಗುಂಡು 500 ಗ್ರೇನ್. ಮೊದಲ ಈಡಿಗೇ ಹೆಗಲು ಮರಗಟ್ಟಿತು. ಎರಡನೆಯದಕ್ಕೆ ದವಡೆ ನೋಯಿತು. ಮೂರನೆಯದು ಗುರಿಯ ಹಲಗೆಗೇ ತಾಗಲಿಲ್ಲ. ಆಮೇಲೆ ಅವರು ನನಗೆ ಬೆನ್ನು ತಿರುಗಿಸಿ ರೈಫಲ್ ತುಂಬಿ ಕೈಗಿತ್ತರು. ಗುರಿ ಹಿಡಿದು ಕೋವಿಯ ಕುದುರೆ (ಟ್ರಿಗರ್) ಎಳೆದೆ. ಟಕ್ ಎಂಬ ಸದ್ದಷ್ಟೇ ಬಂತು. ಅವರು ಹಾಕಿದ್ದು ಮದ್ದಿಲ್ಲದ ತೋಟಾ. ಗುಂಡು ಹಾರದಿದ್ದರೂ ನನ್ನ ನಳಿಗೆ ಗೇಣುದ್ದ ಕೆಳಗೆ ಬಾಗಿತ್ತು, ಕಣ್ಣು ಮುಚ್ಚಿಕೊಂಡಿತ್ತು. ಬರಲಿರುವ ಒದೆತಕ್ಕೆ ದೇಹ ಮೊದಲೇ ಬೆಚ್ಚಿತ್ತು. "ನಿನ್ನ ಎದುರಿಗೆ ಎಮ್ಮೆ ಇದ್ದಿದ್ದರೆ ಗುಂಡು ಅದರ ಕಾಲಿಗೆ ಬೀಳುತ್ತಿತ್ತು" ಎಂದರು. ಅವರು ಗದರಲಿಲ್ಲ. ನನಗೆ ಮಾತ್ರ ಆ ರಾತ್ರಿ ನಿದ್ದೆ ಬರಲಿಲ್ಲ.

ಅವರದೇ .375ರಲ್ಲಿ ಮರುದಿನ ಐದಕ್ಕೆ ನಾಲ್ಕು ಗುಂಡುಗಳನ್ನು ಅಂಗೈಯಗಲದ ಜಾಗದಲ್ಲಿ ಇಟ್ಟೆ. ಅದೂ ಒದೆಯುತ್ತದೆ, ಆದರೆ ಅಭ್ಯಾಸದಿಂದ ತಾಳಬಹುದಾದಷ್ಟು. ಕಾಡೆಮ್ಮೆಯ ಹೃದಯ ನಾವು ಎಣಿಸಿದ್ದಕ್ಕಿಂತ ಕೆಳಗಿರುತ್ತದೆ, ಮುಂಗಾಲಿನ ನೇರಕ್ಕೆ, ಎದೆಯ ಕೆಳಗಿನ ಮೂರನೆಯ ಒಂದು ಭಾಗದಲ್ಲಿ. ಅಲ್ಲಿಗೆ ಬಿದ್ದ .375 ಸಾಕು. ಹೊಟ್ಟೆಗೆ ಬಿದ್ದ .500 ಸಾಲದು.

ಇದಕ್ಕೆ ಪ್ರತಿಯಾಗಿ, ಹಿಂದೆ ಆಫ್ರಿಕದಲ್ಲಿ ಆನೆ ಬೇಟೆಯಾಡಿದ ಡಬ್ಲ್ಯು.ಡಿ.ಎಂ. ಬೆಲ್ ಹೆಸರು ಹೇಳುವವರಿದ್ದಾರೆ. ಆತ ಸಾವಿರಕ್ಕೂ ಹೆಚ್ಚು ಆನೆಗಳನ್ನು ಕೊಂದವನು, ಬಹುಪಾಲು ಏಳು ಮಿಲಿಮೀಟರಿನ ಸಣ್ಣ ರೈಫಲ್ಲಿನಿಂದ. ಆ ಲೆಕ್ಕ ಕೇಳಿದರೆ ನನಗೆ ಸಂಕಟವಾಗುತ್ತದೆ. ಆತ ಆನೆಯ ತಲೆಬುರುಡೆಯನ್ನು ಗರಗಸದಿಂದ ಸೀಳಿಸಿ, ಮಿದುಳು ಎಲ್ಲಿದೆಯೆಂದು ನೋಡಿ ತಿಳಿದವನು. ಅವನಲ್ಲಿದ್ದ ತಿಳಿವಳಿಕೆ ಇಲ್ಲದೆ ಅವನ ಕೋವಿಯನ್ನಷ್ಟೇ ಹಿಡಿದವರು ಪ್ರಾಣಿಯನ್ನು ನರಳಿಸುತ್ತಾರೆ. ಹಾಗಾಗಿ .375ಕ್ಕಿಂತ ಸಣ್ಣದೂ ಬೇಡ.

ನಮ್ಮ ಬಿಸಿಲನಾಡಿನವರಿಗೆ ಕೂಡಲೇ ಅರ್ಥವಾಗುವ ಸಂಗತಿ ಇನ್ನೊಂದಿದೆ. ಹಿಂದಿನ ತೋಟಾಗಳಲ್ಲಿ ಕಾರ್ಡೈಟ್ ಎಂಬ ಮದ್ದು ಇರುತ್ತಿತ್ತು. ಬಿಸಿಲಿಗೆ ಕಾದರೆ ಅದರ ಒತ್ತಡ ಏರುತ್ತದೆ. ಆಗ ಹಾರಿದ ತೋಟಾದ ಹಿತ್ತಾಳೆ ಕೊಳವೆ ನಳಿಗೆಯಲ್ಲೇ ಕಚ್ಚಿಕೊಂಡು ಹೊರಬರದೆ ಹೋಗಬಹುದು. 1911ರ .416 ರಿಗ್ಬಿ ತೋಟಾವನ್ನು ಅಷ್ಟು ದಪ್ಪ ಮಾಡಿದ್ದರಿಂದ ಒತ್ತಡ ಕಡಿಮೆ ಇದ್ದು, ಸುಡುಬಿಸಿಲಿನಲ್ಲೂ ಅದು ಕೈಕೊಡುತ್ತಿರಲಿಲ್ಲ. ಜೋಡುನಳಿಗೆಯ .470 ಹುಟ್ಟಿದ ಹಿನ್ನೆಲೆಗಂತೂ ನಮ್ಮ ದೇಶವೇ ಸೇರಿಕೊಂಡಿದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬ್ರಿಟಿಷರು ಭಾರತದಲ್ಲಿ .450 ಅಳತೆಯನ್ನು ನಿಷೇಧಿಸಿದರು. ಹಳೆಯ ಮಾರ್ಟಿನಿ-ಹೆನ್ರಿ ಸೇನಾ ರೈಫಲ್ಲಿನ ಅಳತೆಯೂ ಅದೇ ಆಗಿದ್ದರಿಂದ, ಗುಂಡುಗಳು ಬಂಡಾಯಗಾರರ ಕೈ ಸೇರುವ ಭಯ ಅವರಿಗಿತ್ತು. ಆ ನಿಷೇಧವನ್ನು ದಾಟಲು ಕೋವಿ ಕಂಪನಿಗಳು .465, .470 ಎಂದು ಅಳತೆಗಳನ್ನು ಬೆಳೆಸಿದವು. ದೊಡ್ಡ ಸಂಖ್ಯೆ ಕಂಡ ಕೂಡಲೇ ಅದರ ಹಿಂದೆ ಬೇಟೆಯ ಜ್ಞಾನವಿದೆ ಎಂದುಕೊಳ್ಳಬೇಡ.

ಗುಂಡಿನ ವಿಚಾರ ಚಿಕ್ಕದು. ಆನೆಗೆ ಮೂಳೆ ಸೀಳಿ ಒಳಹೋಗುವ ಗಟ್ಟಿ ಗುಂಡು ಬೇಕು. ಕಾಡೆಮ್ಮೆಗೆ ಮೊದಲು ಅರಳುವ ಮೆತ್ತನೆಯದು, ಆಮೇಲೆ ಗಟ್ಟಿಯದು.

ಇಷ್ಟೆಲ್ಲ ಹೇಳಲು ನನಗೊಂದು ಕಾರಣವಿದೆ. ನಮ್ಮ ಅಜ್ಜನ ಹೊಲ ದರೋಜಿಯ ಕಡೆಗಿತ್ತು. 1972ರ ವನ್ಯಜೀವಿ ಕಾಯಿದೆಗಿಂತ ಹಿಂದಿನ ಮಾತು. ಶೇಂಗಾ ತಿನ್ನಲು ಬಂದ ಕರಡಿಗೆ ಅಜ್ಜ ಕತ್ತಲಲ್ಲಿ ಜೋಡುನಳಿಗೆಯಿಂದ ಚರೆ ಹೊಡೆದರು. ಹಕ್ಕಿಗೆ ಹೊಡೆಯುವ ಚರೆ. ಕರಡಿ ಕೂಗುತ್ತಾ ಗುಡ್ಡ ಸೇರಿತು. ಮೂರನೆಯ ದಿನ ಕಟ್ಟಿಗೆಗೆ ಹೋದ ಪಕ್ಕದ ಮನೆಯವರು ಅದಕ್ಕೆ ಸಿಕ್ಕಿದರು. ಜೀವ ಉಳಿಯಿತು, ಒಂದು ಕಣ್ಣು ಹೋಯಿತು. ಅವರು ಬದುಕಿರುವವರೆಗೂ ನಮ್ಮ ಅಜ್ಜ ಆ ಮನೆಗೆ ವರ್ಷಕ್ಕೆರಡು ಚೀಲ ಜೋಳ ಕೊಟ್ಟರು. ಕೋವಿಯನ್ನು ಮಾತ್ರ ಮತ್ತೆ ಮುಟ್ಟಲಿಲ್ಲ. 1994ರಲ್ಲಿ ಆ ಗುಡ್ಡಗಳು ಕರಡಿಧಾಮವಾದವು. ಬೆಲ್ಲ ಸವರಿದ ಬಂಡೆಗಳಿಗೆ ಸಂಜೆ ಕರಡಿಗಳು ಇಳಿದು ಬರುವುದನ್ನು ಈಗ ಮಕ್ಕಳಿಗೆ ತೋರಿಸುತ್ತೇವೆ. ನನಗೆ ಆ ನೋಟ ಯಾವ ಬೇಟೆಗಿಂತಲೂ ದೊಡ್ಡದು. ನಮ್ಮಲ್ಲಿ ಬೇಟೆ ಅಪರಾಧ, ಅದು ಹಾಗೆಯೇ ಇರಲಿ.

ನೀನು ಹೋಗುವ ದೇಶದಲ್ಲಿ ಕಾನೂನು ಬೇರೆ. ಹೋಗಲೇಬೇಕೆಂದಿದ್ದರೆ ಮೊದಲು .22ರಲ್ಲಿ ಕೈ ಪಳಗಿಸು. ಆಮೇಲೆ .375 ಹಿಡಿದು, ಮೇಜಿನ ಆಸರೆಯಿಲ್ಲದೆ ನಿಂತುಕೊಂಡೇ ನೂರು ಗುಂಡು ಹಾರಿಸು. ನಡುನಡುವೆ ಮದ್ದಿಲ್ಲದ ತೋಟಾ ಹಾಕಿಕೊಡಲು ಯಾರಿಗಾದರೂ ಹೇಳು. ನಳಿಗೆ ಅಲುಗದ ದಿನ ನನಗೆ ಫೋನ್ ಮಾಡು. ಅಲುಗುತ್ತಲೇ ಇದ್ದರೆ ಆ ಎಮ್ಮೆಯನ್ನು ಅದರ ಪಾಡಿಗೆ ಮೇಯಲು ಬಿಡು, ತಮ್ಮಾ.